ಕಾಳಿ-ಪೀಳಿ ಪದ್ಮಿನಿಯ ಬಂಪರಿಗೆ ನಿಜವಾದ ಕ್ರೋಮ್ ಹೊಳಪು ತರುವುದು ಹೇಗೆ?

ಡೊಂಬಿವಲಿ_1100 · ಶನಿವಾರ, ರಾತ್ರಿ 10:50

ಮೂರು ವಾರದಿಂದ ಒಂದೇ ಬಂಪರಿನ ಹಿಂದೆ ಬಿದ್ದಿದ್ದೇನೆ. ಮೂರು ಸಲ ಬಣ್ಣ ಹೊಡೆದು ಮೂರು ಸಲವೂ ತೆಗೆದು ತೊಳೆದಾಯ್ತು. ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

ಮಾಡುತ್ತಿರುವುದು 1/24 ಅಳತೆಯ ಪ್ರೀಮಿಯರ್ ಪದ್ಮಿನಿ ಕಾರಿನ ಮಾಡೆಲ್, ನಮ್ಮ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ, ಕಾಳಿ-ಪೀಳಿ. ಬಾಡಿ, ಬಂಪರ್, ಗ್ರಿಲ್, ವೀಲ್ ಕಪ್ ಎಲ್ಲಾ ರೆಸಿನ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದ್ದು. ಅಪ್ಪ ಇಪ್ಪತ್ತಾರು ವರ್ಷ ಇದೇ ಗಾಡಿ ಓಡಿಸಿದವರು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ, ಕುರ್ಲಾ ಸ್ಟೇಷನ್ ಹೊರಗಿನ ಸ್ಟ್ಯಾಂಡಿನಲ್ಲೇ ದುಡಿಯಿತು. 2023ರ ಅಕ್ಟೋಬರ್ 30ರಿಂದ ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಅಧಿಕೃತವಾಗಿ ಇಲ್ಲ ಅಂತ ಟಿವಿಯಲ್ಲಿ ಬಂದಾಗ ಅಪ್ಪ ಏನೂ ಹೇಳದೆ ಎದ್ದು ಒಳಗೆ ಹೋದರು. ಆವತ್ತೇ ಇದನ್ನು ಮಾಡಬೇಕು ಅಂತ ಗಟ್ಟಿ ಮಾಡಿಕೊಂಡೆ.

ಗುರುವಾರ ಅಪ್ಪನಿಗೆ ರಜೆ. ಬೆಳಿಗ್ಗೆ ಹಳೆ ಬನಿಯನ್ ತುಂಡಿಗೆ ಎರಡು ಹನಿ ಸೀಮೆಎಣ್ಣೆ ಹಾಕಿ ಬಂಪರ್ ಉಜ್ಜುತ್ತಿದ್ದರು, ಆಮೇಲೆ ಬಾಯಿಂದ ಹಾ ಅಂತ ಉಸಿರು ಬಿಟ್ಟು ಒಣ ಪೇಪರಿನಲ್ಲಿ ಒರೆಸುತ್ತಿದ್ದರು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತರೆ ನನ್ನ ಮುಖ ಅಡ್ಡಡ್ಡ ಎಳೆದ ಹಾಗೆ ಕಾಣುತ್ತಿತ್ತು, ಹಿಂದೆ ಚಾಳಿನ ಕಂಬಿಸಾಲು ಬಾಗಿ ಕಾಣುತ್ತಿತ್ತು. ನನಗೆ ಬೇಕಾದ್ದು ಆ ಬಂಪರ್. ಏನೋ ಕಾಣಬೇಕು ಮಾರಾಯ್ರೆ ಅದರೊಳಗೆ.

ಈವರೆಗೆ ಆದದ್ದು: ಮೊದಲ ಸಲ ಗ್ರೇ ಪ್ರೈಮರ್ ಮೇಲೆ ಸಿಲ್ವರ್ ಸ್ಪ್ರೇ. ಅಲ್ಯೂಮಿನಿಯಂ ಡಬರಿ ಹಾಗೆ ಬಂತು. ಎರಡನೇ ಸಲ ಗ್ಲಾಸ್ ಬ್ಲ್ಯಾಕ್ (ಹೊಳೆಯುವ ಕಪ್ಪು ಬಣ್ಣ) ಹೊಡೆದು ಮೇಲೆ ಗಾಳಿಯೊತ್ತಡದಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್‌ನಿಂದ ಕ್ರೋಮ್ ಬಣ್ಣ. ಒಂದು ಗಂಟೆ ಚಂದ ಇತ್ತು. ಕೈ ತಾಗಿ ಹಾಳಾಗಬಾರದು ಅಂತ ಮೇಲೊಂದು ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಕೊಟ್ಟೆ, ಕಣ್ಣೆದುರೇ ಬೂದಿ ಬಣ್ಣಕ್ಕೆ ತಿರುಗಿತು. ಮೂರನೇ ಸಲ, ಮೊನ್ನೆ ಜೋರು ಮಳೆ ಇದ್ದ ದಿನ, ಗ್ಲಾಸ್ ಬ್ಲ್ಯಾಕೇ ಮಂಜು ಕವಿದ ಹಾಗೆ ಬೆಳ್ಳಗಾಯಿತು.

ಮಾಟುಂಗಾ_ಬ್ರಷ್ · ಶನಿವಾರ, ರಾತ್ರಿ 11:30

ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ ತಮ್ಮಾ. ಕಪ್ಪು ಹೊಡೆದ ಮೇಲೆ ಎಷ್ಟು ಹೊತ್ತು ಒಣಗಲು ಬಿಟ್ಟೆ? ಕ್ರೋಮ್ ಹೊಡೆಯುವ ಮೊದಲು ಆ ಕಪ್ಪು ಬಂಪರನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆಯಾ? ಟ್ಯೂಬಿನ ಅಂಚು ಅದರಲ್ಲಿ ದಾರ ಎಳೆದ ಹಾಗೆ ನೆಟ್ಟಗೆ ಕಾಣುತ್ತಿತ್ತೋ, ಒಡೆದು ಕಾಣುತ್ತಿತ್ತೋ?

ಡೊಂಬಿವಲಿ_1100 · ಭಾನುವಾರ, ಬೆಳಿಗ್ಗೆ 7:15

ಅಕ್ಕ, ಒಣಗಿಸಿದ್ದು ಮೂರು ಗಂಟೆ. ಟ್ಯೂಬ್‌ಲೈಟ್ ಪರೀಕ್ಷೆ ಮಾಡಿರಲಿಲ್ಲ. ಉಳಿದ ಒಂದು ವೀಲ್ ಕಪ್ ಕಪ್ಪಿನಲ್ಲೇ ಉಂಟು, ಈಗ ಹಿಡಿದು ನೋಡಿದೆ. ಅಂಚು ಅಲೆಅಲೆಯಾಗಿದೆ, ಒಳಗೆ ಸಣ್ಣ ಸಣ್ಣ ವೃತ್ತದ ಗೆರೆ ಕಾಣುತ್ತದೆ, ಮರದ ಕಾಂಡ ಕೊಯ್ದ ಹಾಗೆ.

ಮಾಟುಂಗಾ_ಬ್ರಷ್ · ಭಾನುವಾರ, ಬೆಳಿಗ್ಗೆ 9:05

ರೋಗ ಅಲ್ಲೇ ಇದೆ. ಆ ಗೆರೆಗಳು ಪ್ರಿಂಟಿನ ಪದರಗಳು. ಒಂದೊಂದು ಪದರ ಸಾಮಾನ್ಯವಾಗಿ 0.05 ಮಿ.ಮೀ. ಗ್ರೇ ಪ್ರೈಮರಿನಲ್ಲಿ ಕಾಣುವುದಿಲ್ಲ, ಕಪ್ಪಿನಲ್ಲಿ ಅರ್ಧ ಕಾಣುತ್ತದೆ, ಕ್ರೋಮ್‌ನಲ್ಲಿ ಎದ್ದು ಕೂಗುತ್ತದೆ.

ಕ್ರೋಮ್ ಅನ್ನುವುದನ್ನು ನಾವು ಮೇಲೆ ಹಚ್ಚುವ ಬಣ್ಣ ಅಂದುಕೊಳ್ಳುತ್ತೇವೆ. ಡಬ್ಬಿಯೊಳಗೆ ಇರುವುದು ಕ್ರೋಮಿಯಂ ಅಲ್ಲವೇ ಅಲ್ಲ, ಅಲ್ಯೂಮಿನಿಯಂ. ನಿರ್ವಾತದಲ್ಲಿ ಆವಿ ಮಾಡಿ ಪೊರೆಯಾಗಿ ಕೂರಿಸಿ, ಆ ಪೊರೆಯನ್ನು ಪುಡಿ ಮಾಡಿದ ಚೂರುಗಳು. ದಪ್ಪ ನೂರು ನ್ಯಾನೋಮೀಟರಿಗಿಂತ ಕಡಿಮೆ. ಸಾಧಾರಣ ಸಿಲ್ವರ್ ಬಣ್ಣದ ಚೂರು ಅದಕ್ಕಿಂತ ಎಷ್ಟೋ ದಪ್ಪ, ಅಡ್ಡಾದಿಡ್ಡಿ ಬಿದ್ದಿರುತ್ತದೆ, ಅದಕ್ಕೇ ನಿನ್ನ ಮೊದಲ ಬಂಪರ್ ಡಬರಿಯಾಯಿತು. ಈ ತೆಳು ಚೂರುಗಳು ಮೀನಿನ ಹುರುಪೆಯ ಹಾಗೆ ಒಂದರ ಪಕ್ಕ ಒಂದು ಚಪ್ಪಟೆ ಮಲಗಿದರೆ ಕನ್ನಡಿ. ಅವು ಮಲಗುವುದು ಕೆಳಗಿನ ನೆಲ ಹೇಗಿದೆಯೋ ಹಾಗೆ. ಆದ್ದರಿಂದ ಕೆಲಸದ ಒಂಬತ್ತು ಪಾಲು ಕಪ್ಪಿನಲ್ಲಿ, ಒಂದು ಪಾಲು ಕ್ರೋಮ್‌ನಲ್ಲಿ. ಕಪ್ಪು ಕನ್ನಡಿಯಾಗದ ಹೊರತು ಕ್ರೋಮ್ ಕನ್ನಡಿಯಾಗುವುದಿಲ್ಲ.

ಮೊದಲು ರೆಸಿನ್ ಪೂರ್ತಿ ಕ್ಯೂರ್ ಆಗಿದೆಯೇ, ಅಂದರೆ ಗಟ್ಟಿಯಾಗಿದೆಯೇ ನೋಡು. ಕೈಗೆ ಅಂಟಂಟು ಅನಿಸಿದರೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ (ಐಪಿಎ) ತೊಳೆದು, ಒಣಗಿಸಿ, ಇನ್ನಷ್ಟು ಯುವಿ ಬೆಳಕು ಕೊಡಬೇಕು. ಐಪಿಎ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ, ಸರ್ಕ್ಯೂಟ್ ಬೋರ್ಡ್ ತೊಳೆಯಲು ಒಯ್ಯುತ್ತಾರೆ. ಆಮೇಲೆ 600ರ ವಾಟರ್ ಪೇಪರ್ (ಉಜ್ಜುವ ಕಾಗದ, ಅಂಕೆ ಏರಿದಷ್ಟೂ ನುಣುಪು), ನೀರು ಮುಟ್ಟಿಸಿ. ಬಂಪರಿನ ಉದ್ದಕ್ಕೆ ಉಜ್ಜಬೇಡ, ಪದರದ ಗೆರೆಗೆ ಅಡ್ಡವಾಗಿ ಉಜ್ಜು. ಫಿಲ್ಲರ್ ಪ್ರೈಮರ್, ಮತ್ತೆ 1000. ಮತ್ತೆ ಪ್ರೈಮರ್, 2000. ಬೇಸರ ಬರುತ್ತದೆ, ಬರಲಿ. ಉಗುರಿನ ತುದಿಯಿಂದ ಎಳೆದರೆ ಎಲ್ಲೂ ತಡೆಯಬಾರದು.

ಗ್ಲಾಸ್ ಬ್ಲ್ಯಾಕಿಗೆ ನಾನು ಬಳಸುವುದು ತಾಮಿಯಾದ ಎಲ್‌ಪಿ-1 ಅಥವಾ ಮಿಸ್ಟರ್ ಕಲರ್‌ನ ಜಿಎಕ್ಸ್-2. ಎರಡೂ ಲ್ಯಾಕರ್, ಅಂದರೆ ಥಿನ್ನರಿನಲ್ಲಿ ಕರಗುವ ಬಣ್ಣ. ಕೊನೆಯ ಕೋಟನ್ನು ಲೆವೆಲಿಂಗ್ ಥಿನ್ನರ್ ಜಾಸ್ತಿ ಹಾಕಿ ಒದ್ದೆಯಾಗಿ ಹೊಡೆಯಬೇಕು, ಹರಿದು ಸಮವಾಗಲು ಅದಕ್ಕೆ ಸಮಯ ಸಿಗುತ್ತದೆ. ಮುಚ್ಚಿಟ್ಟು ಎರಡು ದಿನ ಮುಟ್ಟಬೇಡ. ಮಳೆಗಾಲದಲ್ಲಿ ನಾಲ್ಕು ದಿನ. ಮೂಗಿನ ಹತ್ತಿರ ಹಿಡಿದರೆ ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ಮೂರು ಗಂಟೆಗೆ ಕ್ರೋಮ್ ಹೊಡೆದೆಯಲ್ಲ, ಅದರ ಥಿನ್ನರ್ ಹಸಿ ಕಪ್ಪನ್ನು ಕಚ್ಚಿರುತ್ತದೆ.

ಕ್ರೋಮ್‌ಗೆ ಆಲ್‌ಕ್ಲ್ಯಾಡ್‌ನ ಎಎಲ್‌ಸಿ-107 ನನ್ನ ಕೈಗೆ ಒಗ್ಗಿದ್ದು. ಥಿನ್ನರ್ ಬೇಡ, ಬಾಟಲಿಯಲ್ಲಿ ಇದ್ದ ಹಾಗೇ. ಒತ್ತಡ 12ರಿಂದ 15 ಪಿಎಸ್‌ಐ, ದೂರ ಐದಾರು ಸೆಂಟಿಮೀಟರ್. ಹೊಡೆದದ್ದು ಕಾಣಲೇಬಾರದು, ಅಷ್ಟು ತೆಳು. ಬೀಳುವ ಮೊದಲೇ ಅರ್ಧ ಒಣಗಿರಬೇಕು. ಮೊದಲ ಸುತ್ತಿಗೆ ಕಪ್ಪು ಸ್ವಲ್ಪ ಮಂಕಾಗುತ್ತದೆ, ಹೆದರಬೇಡ. ಎರಡನೆಯದಕ್ಕೆ ಹೊಗೆ ಬಣ್ಣ. ಮೂರು, ನಾಲ್ಕರ ಹೊತ್ತಿಗೆ ಒಂದು ಕ್ಷಣ ಬರುತ್ತದೆ, ಕೋಣೆಯ ಕಿಟಕಿ ಅದರೊಳಗೆ ಬಂದು ಕೂರುತ್ತದೆ. ಅಲ್ಲೇ ನಿಲ್ಲಿಸು. ಇನ್ನೊಂದೇ ಒಂದು ಅಂತ ಹೊಡೆದರೆ ಚೂರುಗಳ ಮೇಲೆ ಚೂರು ಬಿದ್ದು ಬೆಳ್ಳಗೆ ಸಿಲ್ವರ್ ಆಗುತ್ತದೆ. ಕೆಳಗಿನ ಕಪ್ಪು ಒಂದಿಷ್ಟು ಇಣುಕುತ್ತಿರಬೇಕು, ಕ್ರೋಮ್‌ಗೆ ಆಳ ಬರುವುದು ಅದರಿಂದ.

ಮೇಲೆ ಕ್ಲಿಯರ್ ಬೇಡವೇ ಬೇಡ. ಕ್ಲಿಯರಿನ ದ್ರಾವಕ ಮಲಗಿದ ಚೂರುಗಳನ್ನು ಎಬ್ಬಿಸುತ್ತದೆ. ಒಮ್ಮೆ ಎದ್ದರೆ ಮತ್ತೆ ಮಲಗಿಸಲು ಯಾರಿಂದಲೂ ಆಗದು.

ಠಾಣೆ_ಹೊಸಬ · ಭಾನುವಾರ, ಮಧ್ಯಾಹ್ನ 12:40

ಅಕ್ಕ, ಇಷ್ಟೆಲ್ಲಾ ಯಾಕೆ, ನಿಜವಾದ ಕ್ರೋಮ್ ಪ್ಲೇಟಿಂಗ್ ಅಂಗಡಿಗೇ ಕೊಟ್ಟರೆ ಆಗೋದಿಲ್ವಾ? ನಮ್ಮ ವಾಗ್ಳೆ ಎಸ್ಟೇಟ್ ಕಡೆ ಬೋರ್ಡ್ ನೋಡಿದ್ದೇನೆ.

ಭೋಸರಿ_ಪ್ಲೇಟರ್ · ಭಾನುವಾರ, ಮಧ್ಯಾಹ್ನ 3:20

ಇದು ನನ್ನ ಹೊಲ, ನಾನs ಹೇಳ್ತೀನಿ. ಪುಣೆ ಭೋಸರಿ ಎಮ್‌ಐಡಿಸಿಯೊಳಗ ಪ್ಲೇಟಿಂಗ್ ಲೈನಿನ್ಯಾಗ ಹದಿನಾಲ್ಕು ವರ್ಷ ಆತು.

ಕರೆಂಟ್ ಹರಿಯೂದಿಲ್ಲಂದ್ರ ಪ್ಲೇಟಿಂಗ್ ಕೂಡೂದಿಲ್ಲ. ಪ್ಲಾಸ್ಟಿಕ್‌ನ್ಯಾಗ ಎಬಿಎಸ್ ಒಂದು ನಮಗ ಸಲೀಸು. ಅದನ್ನ ಆಸಿಡ್‌ನ್ಯಾಗ ಅದ್ದಿ ಮೈ ತೂತು ಮಾಡಿ, ಪಲ್ಲೇಡಿಯಂ ಕೂಡ್ರಿಸಿ, ಕರೆಂಟ್ ಇಲ್ಲದs ನಿಕಲ್ ಪದರ ಕೊಟ್ಟು, ಆಮ್ಯಾಲ ತಾಮ್ರ, ಮತ್ತ ನಿಕಲ್, ಕಡೀಕ ಕ್ರೋಮ್. ಮಾಡೆಲ್ ಕಿಟ್ ಪಾಲಿಸ್ಟೈರೀನ್ ಇರ್ತದ, ನಿಮ್ಮದು ರೆಸಿನ್. ನಮ್ಮ ಲೈನಿಗೆ ಎರಡೂ ಒಗ್ಗೂದಿಲ್ಲ. ಹಟ ಹಿಡದು ಮಾಡಿದ್ರೂ ತಾಮ್ರ-ನಿಕಲ್ ದಪ್ಪಕ್ಕ ನಿಮ್ಮ ಗ್ರಿಲ್ಲಿನ ಸಣ್ಣ ಪಟ್ಟಿ ಮುಚ್ಚಿ ಹೋಗ್ತಾವ.

ಇನ್ನೊಂದು ಮಾತು. ಖರೇ ಬಂಪರಿನ ಮ್ಯಾಲೂ ಕ್ರೋಮ್ ಅಂಬೋದು ಅರ್ಧ ಮೈಕ್ರಾನಿಗಿಂತ ಕಮ್ಮಿ ಇರ್ತದ. ಹೊಳಪೆಲ್ಲಾ ಕೆಳಗಿನ ನಿಕಲ್‌ದು, ಅದರ ಕೆಳಗ ಪಾಲಿಶ್ ಮಾಡಿದ ಕಬ್ಬಿಣದ್ದು. ಕ್ರೋಮ್ ಬರೇ ಆ ನೀಲಿ ಛಾಯಾ ಕೊಡ್ತದ, ಮಾಸದಂಗ ಕಾಯ್ತದ. ಅಂದ್ರ ಅಕ್ಕಾರು ಹೇಳಿದ ಮಾತು ನಮ್ಮ ಫ್ಯಾಕ್ಟರಿಗೂ ಅಷ್ಟs ಖರೆ. ಪಾಲಿಶರ್ ಕೈ ಬಿಟ್ಟಲ್ಲಿ ಪ್ಲೇಟರ್ ಏನ ಮಾಡಿದ್ರೂ ಮುಚ್ಚೂದಿಲ್ಲರಿ. ಹೊಸಾ ಹುಡುಗರು ಲೈನಿಗೆ ಬಂದಾಗ ನಾ ಮೊದಲ ತೋರ್ಸೂದು ಬಫಿಂಗ್ ಗಾಲಿ, ಟ್ಯಾಂಕ್ ಅಲ್ಲ.

ಮನಿಯೊಳಗ ಕ್ರೋಮ್ ಪ್ಲೇಟಿಂಗ್ ಕಿಟ್ ಅಂತ ವಿಡಿಯೊ ನೋಡಿ ಯಾರೂ ಕೈ ಹಾಕಬ್ಯಾಡ್ರಿ. ಕ್ರೋಮಿಕ್ ಆಸಿಡ್ ಕ್ಯಾನ್ಸರ್ ತರೂ ವಸ್ತು. ನಾವು ಹೊಗಿ ಎಳಿಯೂ ಫ್ಯಾನ್, ಗ್ಲೌಸ್, ಏಪ್ರನ್ ಎಲ್ಲಾ ಹಾಕ್ಕೊಂಡs ನಿಲ್ಲತೀವಿ.

ಠಾಣೆ_ಹೊಸಬ · ಭಾನುವಾರ, ಮಧ್ಯಾಹ್ನ 3:45

ಹಾಗಾದ್ರೆ ಕಿಟ್ ಡಬ್ಬಿಯಲ್ಲೇ ಕ್ರೋಮ್ ಆಗಿ ಬರುವ ಭಾಗಗಳು? ಅವನ್ನು ಹಾಗೇ ಬಳಸಬಹುದಲ್ಲ?

ಮಾಟುಂಗಾ_ಬ್ರಷ್ · ಭಾನುವಾರ, ಸಂಜೆ 5:10

ಅದು ಪ್ಲೇಟಿಂಗ್ ಅಲ್ಲ, ವ್ಯಾಕ್ಯೂಮ್ ಮೆಟಲೈಸಿಂಗ್. ಪ್ಲಾಸ್ಟಿಕ್‌ಗೆ ಮೊದಲು ಲ್ಯಾಕರ್, ಮೇಲೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿ. ಶಾಂಪೂ ಬಾಟಲಿಯ ಹೊಳೆಯುವ ಮುಚ್ಚಳವೂ ಅದೇ. ತೊಂದರೆ ಏನೆಂದರೆ, ಸ್ಪ್ರೂನಿಂದ (ಭಾಗಗಳು ಅಂಟಿಕೊಂಡು ಬರುವ ಚೌಕಟ್ಟು) ಕತ್ತರಿಸಿದ ಕಡೆ ಬಿಳಿ ಗಾಯ ಉಳಿಯುತ್ತದೆ, ಅಚ್ಚಿನ ಜೋಡಣೆ ಗೆರೆಯನ್ನು ಉಜ್ಜಿ ತೆಗೆಯುವ ಹಾಗಿಲ್ಲ, ಅಂಟೂ ಹಿಡಿಯುವುದಿಲ್ಲ. ಅದಕ್ಕೇ ನಾನು ಬಹಳ ಸಲ ಪೂರ್ತಿ ತೆಗೆದೇ ಬಿಡುತ್ತೇನೆ. ಬಟ್ಟೆ ಬಿಳಿ ಮಾಡುವ ಬ್ಲೀಚಿನಲ್ಲಿ ಮುಳುಗಿಸಿಟ್ಟರೆ ಹೊಳಪು ಕರಗಿ ಹೋಗುತ್ತದೆ. ಕಿಟಕಿ ತೆರೆದಿಡು. ಬಚ್ಚಲು ತೊಳೆಯುವ ಆಸಿಡ್ ಅದರ ಹತ್ತಿರಕ್ಕೂ ಬರಬಾರದು, ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಪ್ರಾಣಕ್ಕೆ ಅಪಾಯ.

ವಾಸ್ಕೋ_ಬೂತ್ · ಭಾನುವಾರ, ರಾತ್ರಿ 9:30

ನಾನು ಕಾರವಾರದವ, ವಾಸ್ಕೋದಲ್ಲಿ ಕಾರ್ ಪೇಂಟಿಂಗ್ ಬೂತ್‌ನಲ್ಲಿ ಕೆಲಸ. ಡೊಂಬಿವಲಿಯವರ ಮೂರನೇ ಸೋಲಿನ ಬಗ್ಗೆ ಯಾರೂ ಮಾತಾಡಲಿಲ್ಲ, ಅದು ನನಗೆ ಪ್ರತಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಥೆ.

ಕಪ್ಪು ಬೆಳ್ಳಗಾಗುವುದಕ್ಕೆ ಬ್ಲಶಿಂಗ್ ಅನ್ನುತ್ತೇವೆ. ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದಾಗ ತಂಪಾಗುತ್ತದಲ್ಲ, ಹಾಗೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆ ಮೈ ಮೇಲೆ ನೀರು ಕೂರುತ್ತದೆ, ಬಣ್ಣದೊಳಗೆ ಸಿಕ್ಕಿ ಬೀಳುತ್ತದೆ. ಮುಂಬೈಯಲ್ಲಾಗಲಿ ನಮ್ಮಲ್ಲಾಗಲಿ ಜುಲೈಯಲ್ಲಿ ಗಾಳಿಯ ತೇವ ಶೇಕಡಾ 80 ದಾಟಿಯೇ ಇರುತ್ತದೆ. ಅಗ್ಗದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಬಳಸಿದರೆ ಇನ್ನೂ ಬೇಗ ಹಿಡಿಯುತ್ತದೆ, ಅದು ಬೇಗ ಆರುವ ಥಿನ್ನರ್.

ಬೆಳ್ಳಗಾದ ತಕ್ಷಣ ಕಿತ್ತು ತೆಗೆಯಬೇಕಾಗಿಲ್ಲ. ನಿಧಾನ ಆರುವ ಥಿನ್ನರನ್ನು, ರಿಟಾರ್ಡರ್ ಇದ್ದದ್ದನ್ನು, ಬರೀ ಅದನ್ನೇ ತೆಳುವಾಗಿ ಮೇಲೆ ಹಾಯಿಸಿ. ಬಣ್ಣ ಮತ್ತೆ ಸಡಿಲವಾಗಿ ನೀರು ಹೊರಟು ಹೋಗುತ್ತದೆ, ಎಷ್ಟೋ ಸಲ ಕಪ್ಪು ವಾಪಸ್ ಬರುತ್ತದೆ.

ಬರದ ಹಾಗೆ ಮಾಡುವುದಾದರೆ, ಎಸಿ ಇರುವ ಕೋಣೆಯಲ್ಲಿ ಡ್ರೈ ಮೋಡ್ ಹಾಕಿ ಒಂದು ಗಂಟೆ ಬಿಟ್ಟು ಹೊಡೆಯಿರಿ. ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು, ಮಳೆಗಾಲದಲ್ಲಿ ಅರ್ಧ ಗಂಟೆಗೊಮ್ಮೆ ಬಿಚ್ಚಿ ನೀರು ಚೆಲ್ಲಿ. ಒಂದು ಹನಿ ಪೈಪಿನಿಂದ ಬಂದು ಕ್ರೋಮ್ ಮೇಲೆ ಬಿದ್ದರೆ ಆ ಭಾಗ ಹೋಯಿತು. ಒಣಗಿಸಲು ಒಂದು ದೊಡ್ಡ ಅಕ್ಕಿ ಡಬ್ಬಿ, ಒಳಗೆ ಸಿಲಿಕಾ ಜೆಲ್, ಮುಚ್ಚಳ ಗಟ್ಟಿ. ಧೂಳೂ ಕೂರುವುದಿಲ್ಲ, ತೇವವೂ ಹೋಗುತ್ತದೆ. ಆದರೆ ಹೊಡೆದ ಕೂಡಲೇ ಇಡಬೇಡಿ, ಥಿನ್ನರ್ ಹೊರಹೋಗಲು ಒಂದೆರಡು ಗಂಟೆ ಬಿಟ್ಟು ಇಡಿ.

ನಮ್ಮ ಬೂತ್‌ನಲ್ಲಿ ಕನ್ನಡಿಯಂಥ ಕಪ್ಪು ಬೇಕಾದರೆ ಬೇಸ್ ಕೋಟ್ ಮೇಲೆ ಟೂ-ಕೆ ಕ್ಲಿಯರ್ ಹೊಡೆಯುತ್ತೇವೆ, ಹಾರ್ಡನರ್ ಬೆರೆಸಿದ್ದು. ಗಟ್ಟಿಯಾದ ಮೇಲೆ ಯಾವ ಥಿನ್ನರೂ ಸುಲಭಕ್ಕೆ ಕಚ್ಚುವುದಿಲ್ಲ, ಬೇಕಾದರೆ 3000ದ ಪೇಪರ್ ಹಾಕಿ ಪಾಲಿಶ್ ಕಂಪೌಂಡ್ ಉಜ್ಜಬಹುದು. ಆದರೆ ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಟದ ಕಾಯಿಲೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮನೆಯಲ್ಲಿ ಬೇಡ. ಹತ್ತಿರದ ಪೇಂಟಿಂಗ್ ಗ್ಯಾರೇಜಿಗೆ ಒಯ್ದು, ಅವರು ಕಾರಿಗೆ ಕ್ಲಿಯರ್ ಹೊಡೆಯುವ ಹೊತ್ತಿಗೆ ನಿಮ್ಮ ಬಂಪರನ್ನೂ ಕಡ್ಡಿಗೆ ಸಿಕ್ಕಿಸಿ ಪಕ್ಕದಲ್ಲಿ ನಿಲ್ಲಿಸಲು ಕೇಳಿಕೊಳ್ಳಿ. ಒಂದು ಚಹಾದಲ್ಲಿ ಆಗುವ ಕೆಲಸ.

ಅಂದಹಾಗೆ ಎಲ್ಲಿ ಹೊಡೆಯುತ್ತಿದ್ದೀರಿ? ಅಡುಗೆಮನೆ ಅಂತೀರಾದರೆ ಗ್ಯಾಸ್ ಸ್ಟವ್ ಉರಿಯುತ್ತಿರಬಾರದು. ಲ್ಯಾಕರ್ ಥಿನ್ನರಿನ ಆವಿಗೆ ಒಂದು ಕಿಡಿ ಸಾಕು. ಬಟ್ಟೆ ಮಾಸ್ಕ್ ಮಾಸ್ಕ್ ಅಲ್ಲ, ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ತೊಗೊಳ್ಳಿ.

ಡೊಂಬಿವಲಿ_1100 · ಸೋಮವಾರ, ಬೆಳಿಗ್ಗೆ 6:50

ಅಡುಗೆಮನೆಯಲ್ಲೇ ಹೊಡೆಯುತ್ತಿದ್ದೆ ಅಣ್ಣ. ಒಂದೂವರೆ ಕೋಣೆಯ ಮನೆ. ಇನ್ನು ಮೇಲೆ ಬಾಲ್ಕನಿ. ಅಡುಗೆ ಮುಗಿದು ಸಿಲಿಂಡರ್ ಬಂದ್ ಮಾಡಿದ ಮೇಲೆಯೇ ಥಿನ್ನರ್ ಬಾಟಲಿ ತೆರೆಯುವುದು. ರೆಸ್ಪಿರೇಟರ್ ಇವತ್ತೇ ತರುತ್ತೇನೆ.

ಠಾಣೆ_ಹೊಸಬ · ಸೋಮವಾರ, ರಾತ್ರಿ 8:15

ನನ್ನ ಹತ್ರ ಏರ್‌ಬ್ರಷ್ ಇಲ್ಲ, ಕೊಳ್ಳಲು ದುಡ್ಡೂ ಇಲ್ಲ. ತಂಗಿ ನೇಲ್ ಆರ್ಟ್ ಮಾಡುತ್ತಾಳೆ. ಅವಳ ಬಳಿ ಉಗುರಿಗೆ ಹಚ್ಚುವ ಮಿರರ್ ಕ್ರೋಮ್ ಪೌಡರ್ ಇದೆ, ದಾದರ್ ಸ್ಟೇಷನ್ ಹತ್ತಿರದ ಅಂಗಡಿಯದು. ನಿನ್ನೆ ಒಂದು ಸಿಡಿ ಕವರಿನ ತುಂಡಿಗೆ ಅವಳ ಕಪ್ಪು ಜೆಲ್ ಪಾಲಿಶ್, ಮೇಲೆ ನೋ-ವೈಪ್ ಟಾಪ್ ಕೋಟ್ ಹಚ್ಚಿ ಯುವಿ ದೀಪದಲ್ಲಿ ಇಟ್ಟು, ಆ ಪೌಡರನ್ನು ಐಶ್ಯಾಡೋ ಸ್ಪಂಜಿನಲ್ಲಿ ಉಜ್ಜಿದೆ. ಅಕ್ಕ, ನನ್ನ ಫೋನ್ ಅದರಲ್ಲಿ ಕಂಡಿತು! ಸ್ವಲ್ಪ ನೀಲಿ ಛಾಯೆ ಇದೆ. ಇದು ಮಾಡೆಲ್‌ಗೆ ನಡೆಯುತ್ತದಾ?

ಮಾಟುಂಗಾ_ಬ್ರಷ್ · ಸೋಮವಾರ, ರಾತ್ರಿ 9:40

ನಡೆಯುತ್ತದೆ, ಬಹಳ ಚೆನ್ನಾಗಿ ನಡೆಯುತ್ತದೆ. ಸಿಡಿ ಕವರ್ ಆರಿಸಿದ್ದು ಒಳ್ಳೆಯದಾಯಿತು ಮಗು, ಅದೂ ಪಾಲಿಸ್ಟೈರೀನೇ, ಕಿಟ್‌ನ ಪ್ಲಾಸ್ಟಿಕ್. ಮೊದಲು ನಾವೆಲ್ಲ ಪ್ಲಾಸ್ಟಿಕ್ ಐಸ್‌ಕ್ರೀಂ ಚಮಚದ ಮೇಲೆ ಬಣ್ಣ ಪರೀಕ್ಷೆ ಮಾಡುತ್ತಿದ್ದೆವು. 2022ರ ಜುಲೈಯಿಂದ ದೇಶದಲ್ಲಿ ಆ ಚಮಚಗಳಿಗೆ ನಿಷೇಧ, ಈಗ ಹಳೆ ಸಿಡಿ ಕವರೇ ಗತಿ.

ಪೌಡರ್ ಉಬ್ಬಿದ ನುಣುಪು ಮೈಗೆ ಸರಿ: ವೀಲ್ ಕಪ್, ಹೆಡ್‌ಲೈಟಿನ ಬಳೆ, ಬಂಪರ್ ಮೇಲಿನ ಎರಡು ಗೂಟ. ಸ್ಪಂಜು ತಲುಪದ ಕಡೆ, ಅಂದರೆ ಗ್ರಿಲ್ಲಿನ ಸಂದಿಯಲ್ಲಿ, ಕೆಲಸಕ್ಕೆ ಬಾರದು. ಒತ್ತಿ ಉಜ್ಜಬೇಡ, ಬೆಕ್ಕಿನ ಬೆನ್ನು ಸವರಿದ ಹಾಗೆ. ಉಳಿದ ಪುಡಿಯನ್ನು ಮೆತ್ತನೆ ಬ್ರಷ್‌ನಿಂದ ಕೊಡವು. ಊದಬೇಡ, ಎಳೆದುಕೊಂಡರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಗ್ರಿಲ್ಲಿಗೆ ಮೊಲೊಟೊವ್‌ನ ಲಿಕ್ವಿಡ್ ಕ್ರೋಮ್ ಮಾರ್ಕರ್ ನೋಡು, 1 ಮಿ.ಮೀ. ತುದಿಯದು. ಉಬ್ಬಿದ ಪಟ್ಟಿಗಳ ಮೇಲೆ ಮೆಲ್ಲಗೆ ಎಳೆದರೆ ಇಂಕು ತಾನೇ ಹರಿದು ಸಮವಾಗುತ್ತದೆ. ಎಳೆದ ಜಾಗಕ್ಕೆ ಮತ್ತೆ ಹಿಂದಿರುಗಿ ಬರಬೇಡ, ಅಲ್ಲಿ ಮಂಕಾಗುತ್ತದೆ. ಮುಟ್ಟುವ ಮೊದಲು ಕೆಲವು ದಿನ ಬಿಡಬೇಕು. ಎಷ್ಟು ಬಿಟ್ಟರೂ ಬೆರಳಚ್ಚು ಹಿಡಿಯುತ್ತದೆ, ಆದ್ದರಿಂದ ಅದು ಜೋಡಿಸುವಾಗ ಹಿಡಿಯದ ಭಾಗಕ್ಕೆ ಮಾತ್ರ. ಸಂದಿಯ ಕಪ್ಪಿಗೆ ನೀರಿನ ಬಣ್ಣದ ವಾಶ್ (ನೀರಾಗಿಸಿದ ತೆಳು ಬಣ್ಣ) ಕೊಡು, ಆಲ್ಕೊಹಾಲ್ ಇರುವುದು ಯಾವುದೂ ಆ ಕ್ರೋಮ್ ಇಂಕನ್ನು ಮುಟ್ಟಬಾರದು, ಕರಗಿಬಿಡುತ್ತದೆ.

ಭೋಸರಿ_ಪ್ಲೇಟರ್ · ಮಂಗಳವಾರ, ರಾತ್ರಿ 10:05

ಒಂದು ಮಾತು ಕೇಳಲೇನ್ರಿ ಡೊಂಬಿವಲಿ ಅಣ್ಣಾರ? ಇಪ್ಪತ್ತಾರು ವರ್ಷ ಓಡಿದ ಟ್ಯಾಕ್ಸಿ ಬಂಪರ್ ಕನ್ನಡಿ ಇರ್ತಿತ್ತೇನು? ಕ್ರೋಮ್‌ನ್ಯಾಗ ಕಣ್ಣಿಗೆ ಕಾಣದ ಸೀಳು ಇರ್ತಾವ, ಅಲ್ಲಿಂದ ನೀರು ಇಳದು ಕೆಳಗಿನ ಕಬ್ಬಿಣ ತುಕ್ಕು ಹಿಡದು ಸಣ್ಣ ಸಣ್ಣ ಕಂದು ಚುಕ್ಕಿ ಬರ್ತಾವ. ಸಮುದ್ರದ ಗಾಳಿಗೆ ಮತ್ತೂ ಜಾಸ್ತಿ. ಖರೇ ಕಾಣಬೇಕಂದ್ರ ಆ ಚುಕ್ಕಿನೂ ಹಾಕ್ರಿ. ಬರೇ ಹೊಳಪಿದ್ರ ಶೋರೂಮ್ ಗಾಡಿ ಆಗ್ತದ.

ಡೊಂಬಿವಲಿ_1100 · ಮಂಗಳವಾರ, ರಾತ್ರಿ 10:40

ನೀವು ಹೇಳುವುದು ಸರಿ ಅಣ್ಣ. ಹಿಂದಿನ ಬಂಪರಿನ ಎಡ ಮೂಲೆ ತಗ್ಗಿತ್ತು, ಸಾಯನ್ ಸಿಗ್ನಲ್‌ನಲ್ಲಿ ಟೆಂಪೊ ತಾಗಿದ್ದು. ಚುಕ್ಕೆಗಳೂ ಇದ್ದವು. ಅಪ್ಪ ಅವುಗಳ ಸುತ್ತ ಬೆರಳ ತುದಿಯಲ್ಲಿ ಉಜ್ಜುತ್ತಿದ್ದರು. ಮುಂದಿನ ಬಂಪರ್ ಮಾತ್ರ ಕೊನೆಯವರೆಗೂ ಕನ್ನಡಿಯೇ. ಸ್ಟ್ಯಾಂಡಿನಲ್ಲಿ ಗಿರಾಕಿಗೆ ಕಾಯುವಾಗಲೂ ಒರೆಸುತ್ತಿದ್ದರು, ಕೂತು ಕೈ ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ಮುಂದೆ ಕನ್ನಡಿ, ಹಿಂದೆ ನೀವು ಹೇಳಿದ ಹಾಗೆ.

ವಾಸ್ಕೋ_ಬೂತ್ · ಬುಧವಾರ, ಮಧ್ಯಾಹ್ನ 1:30

ಕಾಜು ಕತ್ಲಿ ಮೇಲಿನ ಬೆಳ್ಳಿ ವರ್ಕ್ ಹಾಳೆ ಹಚ್ಚಿದರೆ ಹೇಗೆ? ಅದಕ್ಕಿಂತ ತೆಳು ಲೋಹ ಎಲ್ಲಿದೆ?

ಮಾಟುಂಗಾ_ಬ್ರಷ್ · ಬುಧವಾರ, ಮಧ್ಯಾಹ್ನ 2:50

ನಾನು ಮಾಡಿ ನೋಡಿದ್ದೇನೆ. ಉಸಿರು ತಾಗಿದರೆ ಮಡಚಿಕೊಳ್ಳುತ್ತದೆ, ಮಡಚಿದ್ದು ಬಿಚ್ಚುವುದಿಲ್ಲ. ಅಂಟು ಹದವಾಗಿ ಆರಿದಾಗ ಕೂರಿಸಿದರೆ ಬಣ್ಣವೇನೋ ಅದ್ಭುತ, ಆದರೆ ತುಂಬ ಸಣ್ಣ ಸುಕ್ಕು. ಬೆಳ್ಳಿ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದೆ ಕೂಡ. ನನ್ನ ಹಳೆಯ ಲಂಬ್ರೆಟಾ ಸ್ಕೂಟರ್ ಮಾಡೆಲಿನ ದೀಪ ಈಗ ಕಂದು. ಬೇಡ.

ಡೊಂಬಿವಲಿ_1100 · ಹನ್ನೊಂದು ದಿನದ ನಂತರ, ಭಾನುವಾರ, ಸಂಜೆ 6:20

ಆಯಿತು.

ಹೇಳಿದ್ದೆಲ್ಲ ಹೇಳಿದ ಹಾಗೆ ಮಾಡಿದೆ. ಉಜ್ಜುವುದಕ್ಕೇ ನಾಲ್ಕು ರಾತ್ರಿ ಹೋಯಿತು. 600 ಮುಗಿಸಿ ಪ್ರೈಮರ್ ಹೊಡೆದಾಗ ಗೆರೆ ಮತ್ತೆ ಕಂಡವು, ಮತ್ತೆ ಉಜ್ಜಿದೆ. ಮೂರನೇ ಪ್ರೈಮರಿನ ಮೇಲೆ ಉಗುರು ಜಾರಿತು. ಮಳೆ ಬಿಡುವು ಕೊಟ್ಟ ದಿನ ತಂಗಿ ಮನೆಯ ಎಸಿ ಕೋಣೆಯಲ್ಲಿ ಕಪ್ಪು ಹೊಡೆದೆ. ಐದು ದಿನ ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ತೆಗೆದು ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಅಂಚು ನೆಟ್ಟಗೆ, ಟ್ಯೂಬಿನ ಮೇಲೆ ಬರೆದ ವ್ಯಾಟ್ ಕೂಡ ಉಲ್ಟಾ ಓದಬಹುದಿತ್ತು.

ಕ್ರೋಮ್ 13 ಪಿಎಸ್‌ಐ. ಮೂರು ಸುತ್ತು ಮುಗಿಯಿತು, ಇನ್ನೂ ಹೊಗೆ ಬಣ್ಣ. ನಾಲ್ಕನೆಯದಕ್ಕೆ ಕಿಟಕಿ ಬಂತು ಅಕ್ಕ. ಕಿಟಕಿಯ ಗ್ರಿಲ್, ಅದರಾಚೆ ಒಣಗಲು ಹಾಕಿದ ಹಳದಿ ಟವೆಲ್. ಕೈ ತಾನೇ ನಿಂತಿತು. ವೀಲ್ ಕಪ್‌ಗೆ ಠಾಣೆಯ ತಮ್ಮನ ಪೌಡರ್ ಹಚ್ಚಿದೆ. ಅಂಗಿ ಗುಂಡಿಯಷ್ಟೇ ಇರುವ ಕಪ್, ಅದರೊಳಗೆ ನನ್ನ ಎರಡು ಕೈ ಕಾಣುತ್ತವೆ.

ಒಂದು ಯಡವಟ್ಟೂ ಆಯಿತು. ಬಲ ಮೂಲೆಯನ್ನು ಗ್ಲೌಸ್ ಇಲ್ಲದೆ ಹಿಡಿದೆ, ಹೆಬ್ಬೆಟ್ಟಿನ ಗುರುತು ಮಂಕಾಗಿ ಉಳಿದುಬಿಟ್ಟಿತು. ಅದೃಷ್ಟಕ್ಕೆ ಅದು ಕೆಳಗಿನ ಅಂಚು, ಕೂರಿಸಿದಾಗ ಕಾಣದು.

ಆದರೆ ಈಗ ಬೇರೆ ಸಮಸ್ಯೆ. ಇವತ್ತು ಬೆಳಿಗ್ಗೆ ಅಪ್ಪನಿಗೆ ತೋರಿಸಿದೆ. ಕಿಟಕಿ ಹತ್ತಿರ ಒಯ್ದರು. ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. ಆಮೇಲೆ ಹಾ ಅಂತ ಉಸಿರು ಬಿಟ್ಟರು, ಬನಿಯನ್ ಅಂಚು ಎಳೆದು ಬಂಪರಿಗೆ ತಂದರು. ನಾನು ಓಡಿ ಹೋಗಿ ಕೈ ಹಿಡಿದೆ. ಮುಟ್ಟಬಾರದು ಅಪ್ಪ ಅಂದೆ. ಅವರು ಏನೂ ಅನ್ನಲಿಲ್ಲ, ಮೇಜಿನ ಮೇಲಿಟ್ಟು ಕೂತರು. ಆವಾಗಿನಿಂದ ನನಗೆ ಊಟ ಸೇರಿಲ್ಲ. ಒರೆಸಿದರೂ ಹಾಳಾಗದ ಕ್ರೋಮ್ ಯಾವುದಾದರೂ ಉಂಟಾ?

ಮಾಟುಂಗಾ_ಬ್ರಷ್ · ಭಾನುವಾರ, ಸಂಜೆ 6:45

ಉಂಟು ತಮ್ಮಾ. ಹಿಂದಿನ ಬಂಪರ್ ಇನ್ನೂ ಮಾಡಿಲ್ಲ ತಾನೇ? ಅದಕ್ಕೆ ಬಣ್ಣ ಹೊಡೆಯಬೇಡ, ಬೇರ್-ಮೆಟಲ್ ಫಾಯಿಲ್ ಹಚ್ಚು. ಹಿಂದೆ ಅಂಟು ಇರುವ ಬಹಳ ತೆಳು ಅಲ್ಯೂಮಿನಿಯಂ ಹಾಳೆ. ಬಣ್ಣ ಉಜ್ಜಿದರೆ ಕೆಡುತ್ತದೆ, ಹಾಳೆ ಉಜ್ಜಿದಷ್ಟೂ ಕೂರುತ್ತದೆ, ಹೊಳೆಯುತ್ತದೆ. ಲೋಹವೇ ಅಲ್ಲವಾ ಅದು.

ಕೆಳಗೆ ಅದೇ ಗ್ಲಾಸ್ ಬ್ಲ್ಯಾಕ್ ಇರಲಿ, ನುಣುಪು ಇಲ್ಲದಿದ್ದರೆ ಒಂದು ಧೂಳಿನ ಕಣವೂ ಗುಳ್ಳೆಯಾಗಿ ಕಾಣುತ್ತದೆ. ಗೂಟಗಳನ್ನು ಬಿಚ್ಚಿ ಬೇರೆ ಮಾಡು, ಅವಕ್ಕೆ ಪೌಡರ್. ಬಂಪರಿನ ಅಗಲಕ್ಕಿಂತ ಎರಡು ಮಿಲಿಮೀಟರ್ ಜಾಸ್ತಿ ಪಟ್ಟಿ ಕತ್ತರಿಸು. ಬ್ಲೇಡ್ ಹೊಸದೇ ಇರಬೇಕು, ಹಳೆಯದು ಹಾಳೆಯನ್ನು ಕತ್ತರಿಸದೆ ಹರಿಯುತ್ತದೆ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹತ್ತಿ ಕಡ್ಡಿಯಿಂದ ಒತ್ತುತ್ತಾ ಹೋಗು, ಬಾಗಿದ ಕಡೆ ಸುಕ್ಕು ಬಂದರೆ ಎತ್ತಿ ಸ್ವಲ್ಪ ಎಳೆದು ಮತ್ತೆ ಕೂರಿಸು. ತುದಿಯ ಡೊಂಕಿಗೆ ಬೇರೆ ಚಿಕ್ಕ ತುಂಡು. ಜೋಡಣೆ ಗೆರೆಯನ್ನು ಹಲ್ಲುಕಡ್ಡಿಯ ಮೊಂಡು ತುದಿಯಿಂದ ಸವರಿದರೆ ಕಾಣುವುದೇ ಇಲ್ಲ. ನಿನ್ನ ಸಾಯನ್ ಟೆಂಪೊ ತಗ್ಗನ್ನು ರೆಸಿನ್‌ನಲ್ಲೇ ಮೊದಲು ಕೆರೆದಿಟ್ಟುಕೋ, ಹಾಳೆ ಅದರೊಳಗೂ ಇಳಿಯುತ್ತದೆ.

ಭೋಸರಿ_ಪ್ಲೇಟರ್ · ಭಾನುವಾರ, ಸಂಜೆ 7:30

ಕಂದು ಚುಕ್ಕಿ ಮರೀಬ್ಯಾಡ್ರಿ. ಸೂಜಿ ತುದೀಲೆ, ಎರಡs ಎರಡು.

ಡೊಂಬಿವಲಿ_1100 · ಮುಂದಿನ ಶುಕ್ರವಾರ, ಬೆಳಿಗ್ಗೆ 7:05

ಬುಧವಾರ ರಾತ್ರಿ ಫಾಯಿಲ್ ಕೂರಿಸಿದೆ. ಮೊದಲ ಎರಡು ಪಟ್ಟಿ ಹರಿದವು, ಮೂರನೆಯದು ಸರಿಯಾಗಿ ಕೂತಿತು. ತಗ್ಗು ಬಂದಿದೆ, ಎರಡು ಚುಕ್ಕೆಯೂ ಇವೆ. ಪೇಂಟ್ ಮಾಡಿದ ಕ್ರೋಮ್‌ಗಿಂತ ಸ್ವಲ್ಪ ಬೆಳ್ಳಗೆ, ಆದರೆ ಹಿಂದೆ ಮುಂದೆ ಒಟ್ಟಿಗೆ ಯಾರು ನೋಡುತ್ತಾರೆ.

ನಿನ್ನೆ ಗುರುವಾರ. ಅಪ್ಪನ ಮುಂದೆ ಗಾಡಿಯನ್ನು ತಿರುಗಿಸಿಟ್ಟು, ಹಿಂದಿನದನ್ನು ಎಷ್ಟು ಬೇಕಾದರೂ ಒರೆಸಿ ಅಂದೆ. ನನ್ನ ಮುಖ ನೋಡಿದರು, ನಂಬಲಿಲ್ಲ. ನಾನೇ ಒಮ್ಮೆ ಒರೆಸಿ ತೋರಿಸಿದೆ. ಆಮೇಲೆ ಎದ್ದು ಕಪಾಟು ತೆರೆದು ಹಳೆ ಬನಿಯನ್ ಹುಡುಕಿ, ಕತ್ತರಿಯಲ್ಲಿ ಚೌಕ ತುಂಡು ಮಾಡಿಕೊಂಡು ಬಂದರು. ಸೀಮೆಎಣ್ಣೆ ಇದೆಯಾ ಅಂತ ಕೇಳಿದರು. ಅಂಟು ಬಿಡುತ್ತದೆ, ಅದು ಬೇಡ ಅಂದೆ. ತಗ್ಗಿನ ಹತ್ತಿರ ಬಂದಾಗ ಬಟ್ಟೆ ಬಿಟ್ಟು ಬೆರಳ ತುದಿಯಲ್ಲಿ ಉಜ್ಜಿದರು.

ಇನ್ನು ಎಡ ಮಡ್‌ಗಾರ್ಡ್ ಮೇಲಿನ ಮೀಟರ್ ಬಾಕಿ ಉಂಟು. ಅದರ ಗಾಜಿಗೆ ಏನು ಬಳಸುತ್ತೀರಿ ಅಕ್ಕ?